ತಟ್ಟೆಯ ಕೊನೆಯ ಸಾಲು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವರು ಡಾಕ್ಟರು, ಇಲ್ಲವೇ ಪೊಲೀಸರು. ನಾನು ಎರಡೂ ಅಲ್ಲ. ಹಗಲು ಕೆಲಸ, ಸಂಜೆ ಕಾಲೇಜು; ಹಿಂದಿನ ಬೆಂಚಿನಲ್ಲಿ ಕೂತು, ತೂಕಡಿಕೆ ಬಾರದಿರಲೆಂದು ತೊಡೆ ಚಿವುಟಿಕೊಳ್ಳುತ್ತಾ ಕಲಿತ ವಿಜ್ಞಾನ ನನ್ನದು. ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು. ಆ ದಿನ ಆ ಕೋಣೆಯಲ್ಲಿದ್ದವರ ಪೈಕಿ ಬರೆಯಲು ಒಪ್ಪಿದವಳು ನಾನೊಬ್ಬಳೇ. ಧೈರ್ಯಕ್ಕೆ ಅದೊಂದೇ ಆಧಾರ.

"ಬರೆದಾದ್ಮೇಲೆ ನನಗೆ ತೋರಿಸು," ಎಂದಿದ್ದರು ಅತ್ತೆ. "ನನ್ನನ್ನ ಜಾಣೆ ಗೀಣೆ ಅಂತ ಬರೀಬೇಡ. ನಾನು ಎಡವಿದ್ದನ್ನ ಮೊದಲು ಬರಿ."

ಹಾಗಾಗಿ ಅವರು ಎಡವಿದಲ್ಲಿಂದಲೇ ಶುರು ಮಾಡುತ್ತೇನೆ.

"ನಿಮ್ಮ ಎಡಗೈ ಮೇಜಿನ ಮೇಲಿಡಿ ಡಾಕ್ಟ್ರೇ," ಎಂದರು ಅತ್ತೆ.

ಕಿರಿಯ ಡಾಕ್ಟರು ಕೈ ಇಟ್ಟರು. ತೆಳ್ಳನೆ ಬೆರಳು, ಉಗುರು ಗಿಡ್ಡವಾಗಿ ಕತ್ತರಿಸಿದ್ದು, ನಡುಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒತ್ತಿ ಆದ ಗಂಟು. ಊಟ, ಬರವಣಿಗೆ, ಆಪರೇಷನ್ ಎಲ್ಲವೂ ಎಡಗೈಯಲ್ಲೇ. ಆಸ್ಪತ್ರೆಯಲ್ಲಿ ಅವರನ್ನು ಎಡಗೈ ಡಾಕ್ಟ್ರು ಅಂದರೇ ಎಲ್ಲರಿಗೂ ಗುರುತು.

"ತೋರಿಸಿದ್ದಾಯ್ತು. ಭವಿಷ್ಯ ಹೇಳ್ತೀರಾ ಮೇಡಂ?"

"ಭವಿಷ್ಯ ಅಲ್ಲ. ಹಿಂದಿನದು."

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಸರ್ವೀಸೆಲ್ಲ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕಳೆದವರು. ನಮ್ಮ ಕಣ್ಣಾಸ್ಪತ್ರೆಯಲ್ಲಿ ನಡೆಯುವ ಸಂಶೋಧನೆಗಳನ್ನು ಪರಿಶೀಲಿಸಲು ಒಂದು ಸಮಿತಿಯಿದೆ. ಅದರಲ್ಲಿ ಡಾಕ್ಟರಲ್ಲದ ಒಬ್ಬರು ಇರಲೇಬೇಕು. ಆ ಒಬ್ಬರು ಅವರು. ನಾನು ಅದೇ ಆಸ್ಪತ್ರೆಯಲ್ಲಿ, ಅಧ್ಯಯನಕ್ಕೆ ಸೇರುವ ರೋಗಿಗಳಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯುವ, ನಂಬರಿನ ಚೀಟಿ ಕೊಡುವ, ಆಮೇಲೆ ಫೋನ್ ಮಾಡಿ "ಹನಿ ಬಿಟ್ಟುಕೊಂಡ್ರಾ?" ಎಂದು ಪೀಡಿಸುವ ಕೆಲಸದವಳು. ಅತ್ತೆ ಇರುವುದಕ್ಕೇ ನನಗೆ ರಿಯಾಯಿತಿ ಎಂದು ಯಾರೂ ಭಾವಿಸಬಾರದು. ತನಿಖೆ ಶುರುವಾದ ದಿನವೇ ಅವರು, "ಪುಟ್ಟೀ, ನನ್ನ ಅನುಮಾನದ ಸಾಲಲ್ಲಿ ನೀನೂ ನಿಂತಿದ್ದೀಯ, ಬೇಜಾರು ಮಾಡ್ಕೋಬೇಡ," ಎಂದಿದ್ದರು.

ಅಧ್ಯಯನದಲ್ಲಿದ್ದ ಬಡಗಿಯೊಬ್ಬರ ಕಣ್ಣು ಕೆಡುತ್ತಿದೆಯೆಂದು ಅತ್ತೆ ಅವರ ಕಣ್ಣಿನ ತಟ್ಟೆ ನೋಡಬೇಕೆಂದಿದ್ದರು; ಹಿಂದಿನ ದಿನ ಅದು ಲ್ಯಾಬಿನಿಂದ ಕಾಣೆಯಾಗಿ, ಅದರ ಫೋಟೋ ಮಾತ್ರ ಉಳಿದಿತ್ತು. ಆ ಫೋಟೋ ಈಗ ಮೇಜಿನ ಮೇಲೆ, ಡಾಕ್ಟರ ಎಡಗೈಯ ಪಕ್ಕದಲ್ಲಿತ್ತು.

ತಟ್ಟೆ ಎಂದರೆ ಊಟದ ತಟ್ಟೆಯಲ್ಲ. ಅಂಗೈಯಗಲದ, ಮುಚ್ಚಳವಿರುವ ಪಾರದರ್ಶಕ ಡಬ್ಬಿ. ಒಳಗೆ ಕೆಂಪು ಲೋಳೆಯಂಥ ಪದರ. ಕಣ್ಣಿನ ಮುಂಭಾಗದಲ್ಲಿ ವಾಚಿನ ಗಾಜಿನಂಥ ಒಂದು ಪದರವಿದೆಯಲ್ಲ, ಕಾರ್ನಿಯಾ, ಅದರಲ್ಲಿ ಹುಣ್ಣಾದರೆ ಡಾಕ್ಟರು ಸಣ್ಣ ಬ್ಲೇಡಿನಿಂದ ಹುಣ್ಣಿನ ಅಂಚನ್ನು ಕೆರೆಯುತ್ತಾರೆ. ಬ್ಲೇಡಿಗೆ ಅಂಟಿದ್ದನ್ನು ಆ ಲೋಳೆಯ ಮೇಲೆ ಅರ್ಧಚಂದ್ರ ಅರ್ಧಚಂದ್ರವಾಗಿ, ಸಾಲಿನ ಕೆಳಗೆ ಸಾಲು ಎಳೆಯುತ್ತಾರೆ. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಅಲ್ಲಿ ಏನಿತ್ತೋ ಅದು ಬೆಳೆಯುತ್ತದೆ. ಅರ್ಧಚಂದ್ರದ ಮೇಲೆ ಬೆಳೆದರೆ ಅದು ಕಣ್ಣಿನಿಂದ ಬಂದದ್ದು. ಆಚೀಚೆ ಬೆಳೆದರೆ ಗಾಳಿಯಿಂದ ಬಿದ್ದದ್ದು. ಅರ್ಧಚಂದ್ರ ಎಳೆಯುವುದು ಈ ಲೆಕ್ಕಕ್ಕೇ.

ಬಡಗಿಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಅದನ್ನು ನೋಡಿಯೇ ಅವರನ್ನು ಅಧ್ಯಯನಕ್ಕೆ ಸೇರಿಸಿಕೊಂಡದ್ದು. ಬ್ಯಾಕ್ಟೀರಿಯಾ ಹುಣ್ಣಿಗೆ ಔಷಧದ ಜೊತೆ ಸ್ಟೀರಾಯ್ಡ್ ಹನಿಯನ್ನೂ ಬಿಟ್ಟರೆ ಕಲೆ ಕಡಿಮೆಯಾಗುತ್ತದೆಯೇ ಎಂಬುದು ಅಧ್ಯಯನ ನಡೆಸುವ ದೊಡ್ಡ ಡಾಕ್ಟರ ಪ್ರಶ್ನೆ. ಅರ್ಧ ಜನರ ಸೀಸೆಯಲ್ಲಿ ಸ್ಟೀರಾಯ್ಡ್, ಇನ್ನರ್ಧ ಜನರದ್ದರಲ್ಲಿ ಬರೀ ಉಪ್ಪುನೀರು.

ಆದರೆ ಹುಣ್ಣಿನೊಳಗಿರುವುದು ಬೂಷ್ಟಾಗಿದ್ದರೆ, ಡಾಕ್ಟರು ಫಂಗಸ್ ಎನ್ನುತ್ತಾರಲ್ಲ ಅದಾಗಿದ್ದರೆ, ಸ್ಟೀರಾಯ್ಡ್ ಬಿಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಬಡಗಿಯ ಕಣ್ಣು ದಿನದಿಂದ ದಿನಕ್ಕೆ ಕೆಡುತ್ತಿತ್ತು. ಅವರಿಗಿದ್ದದ್ದು ಆ ಒಂದೇ ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಹೋಗಿತ್ತು.

"ನೋಡಿ," ಎಂದರು ಅತ್ತೆ, ಫೋಟೋದ ಮೇಲೆ ಪೆನ್ಸಿಲ್ ತುದಿ ಆಡಿಸುತ್ತಾ. "ಅರ್ಧಚಂದ್ರದ ಬಾಯಿ ಎಡಕ್ಕಿದೆ. ಇಲ್ಲಿ ಎಲ್ಲರೂ ಎಳೆಯೋದನ್ನ ನಿಂತು ನೋಡಿದ್ದೀನಿ. ಬಾಯಿ ಬಲಕ್ಕೆ ಬರುತ್ತೆ. ನೀವು ಎಳೆದರೆ ಮಾತ್ರ ಎಡಕ್ಕೆ. ಆವತ್ತು ಬಡಗಿಯವರ ಕಣ್ಣು ಕೆರೆದದ್ದು ದೊಡ್ಡ ಡಾಕ್ಟ್ರು. ಅವರದ್ದು ಬಲಗೈ. ಹಾಗಾದ್ರೆ ಈ ತಟ್ಟೆ ಅವರು ಎಳೆದದ್ದಲ್ಲ."

"ಮುಂದೆ?"

"ಈ ಅಧ್ಯಯನವೇ ಬೇಡ ಅಂತ ಮೀಟಿಂಗಲ್ಲಿ ಜಗಳ ಆಡಿದ್ದು ನೀವು. ಹೊಂದದ ರೋಗಿ ಒಬ್ಬರು ಒಳಗೆ ಸೇರಿ ಕಣ್ಣು ಕೆಟ್ಟರೆ, ಅಧ್ಯಯನ ತಾನಾಗೇ ನಿಲ್ಲುತ್ತೆ."

ಎಡಗೈ ಡಾಕ್ಟರು ಕೂಗಾಡಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಮೇಡಂ, ನಾನು ಜಗಳಗಂಟಿ. ಅದು ನನ್ನಮ್ಮನೂ ಒಪ್ತಾರೆ. ಆದ್ರೆ ಒಂದೇ ಕಣ್ಣಿರೋ ಮನುಷ್ಯನ ಕಣ್ಣನ್ನ ಪಣಕ್ಕಿಟ್ಟು ಜಗಳ ಗೆಲ್ಲೋಳಲ್ಲ." ಆಮೇಲೆ ನನ್ನತ್ತ ತಿರುಗಿದರು. "ನಿಮ್ಮತ್ತೆಗೆ ತಟ್ಟೆ ಹೇಗಿಡ್ತೀವಿ ಅಂತ ನೀವು ಹೇಳಲಿಲ್ವಾ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುಖ ಬಿಸಿಯಾಯಿತು.

ಅವರು ಬೀರುವಿನಿಂದ ಖಾಲಿ ತಟ್ಟೆಯೊಂದನ್ನು ತಂದರು. ಮುಚ್ಚಳ ತೆಗೆದು, ಒಳಗೆ ಮಾರ್ಕರಿನಿಂದ ಒಂದು ಅರ್ಧಚಂದ್ರ ಬರೆದರು, ಬಾಯಿ ಬಲಕ್ಕಿರುವ ಹಾಗೆ. ಮುಚ್ಚಳ ಹಾಕಿ, ತಟ್ಟೆಯನ್ನು ಬೋರಲು ಮಾಡಿ ಅತ್ತೆಯ ಮುಂದಿಟ್ಟರು.

ಬಾಯಿ ಎಡಕ್ಕೆ ತಿರುಗಿತ್ತು.

"ನೇರ ಇಟ್ರೆ ಮುಚ್ಚಳದ ಬೆವರು ಲೋಳೆ ಮೇಲೆ ತೊಟ್ಟಿಕ್ಕುತ್ತೆ. ಅದಕ್ಕೆ ಯಾವಾಗಲೂ ಬೋರಲು. ಮುಚ್ಚಳ ಅದಲು ಬದಲಾಗುತ್ತೆ ಅಂತ ನಂಬರಿನ ಚೀಟೀನೂ ತಳಕ್ಕೇ ಅಂಟಿಸ್ತೀವಿ. ಫೋಟೋದಲ್ಲಿ ನಂಬರ್ ಕಾಣಬೇಕಲ್ಲ, ತಳದಿಂದಲೇ ತೆಗೀತಾರೆ. ಕನ್ನಡೀಲಿ ನೋಡಿದ ಹಾಗೆ. ನಾನು ಎಳೆದಿದ್ದರೆ ಫೋಟೋದಲ್ಲಿ ಬಾಯಿ ಬಲಕ್ಕೆ ಬರಬೇಕಿತ್ತು."

ಅತ್ತೆ ತಟ್ಟೆಯನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹುಡುಗರಿಗೆ ಪಾಠ ಹೇಳಿ ಹೇಳಿ ರಿಟೈರ್ ಆದೋಳು ನಾನು," ಎಂದರು ಕೊನೆಗೆ. "ತಪ್ಪಾಯ್ತು ಡಾಕ್ಟ್ರೇ. ಕೈ ತಗೊಳ್ಳಿ."

"ಪರವಾಗಿಲ್ಲ. ಇಲ್ಲಿ ನಾವೂ ದಿನಾ ತಪ್ಪಿಗೇ ಹೆದರೋದು."

ಇಷ್ಟಕ್ಕೆ ಮಾತು ಮುಗಿಯಬಹುದಿತ್ತು. ಡಾಕ್ಟರು ಎದ್ದೂ ಇದ್ದರು. ಅತ್ತೆಯೇ, "ಒಂದು ನಿಮಿಷ. ಬೇರೆಯವರ ತಟ್ಟೆ ಫೋಟೋಗಳಿದ್ರೆ ಕೊಡಿ. ಪೂರ್ತಿ ಮುಟ್ಟಾಳಳಾಗಿ ಹೋಗೋದು ಬೇಡ," ಎಂದರು.

ನಾನು ಅಧ್ಯಯನದ ಫೋಟೋಗಳ ಕಟ್ಟನ್ನು ತಂದು ಮೇಜಿನ ತುಂಬ ಹರಡಿದೆ. ಕೆಂಪು ವೃತ್ತಗಳು. ಪ್ರತಿಯೊಂದರ ಹಿಂದೆಯೂ ಒಂದು ಕಣ್ಣು. ಯಾರ ಮುಖ ಯಾವುದಕ್ಕೆ ಎಂದು ನನಗೆ ಗೊತ್ತಿತ್ತು, ಹೇಳುವಂತಿರಲಿಲ್ಲ.

ಅತ್ತೆ ಕೈಚೀಲದಿಂದ ಮಡಚುವ ಭೂತಗನ್ನಡಿ ತೆಗೆದು ಒಂದೊಂದನ್ನೇ ನೋಡುತ್ತಾ ಹೋದರು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ. ಬಡಗಿಯ ಫೋಟೋಗೆ ಬಂದರು. ಹಿಂದಿನದಕ್ಕೆ ಹೋದರು. ಮತ್ತೆ ಬಡಗಿಯದಕ್ಕೆ.

"ಡಾಕ್ಟ್ರೇ, ಒಂದು ಕೇಳ್ತೀನಿ, ನಗಬಾರದು. ಕಳ್ಳನ ಹೆಬ್ಬೆರಳಿಗೆ ಒಂದು ಸಲ ಶಾಯಿ ಹಚ್ಚಿ ಕಾಗದದ ಮೇಲೆ ಸಾಲಾಗಿ ಒತ್ತಿಸ್ತಾ ಹೋದ್ರೆ, ಮೊದಲನೇದು ದಟ್ಟ, ಆಮೇಲಿಂದು ತೆಳು, ಕೊನೇದು ಕಂಡೂ ಕಾಣದ ಹಾಗೆ ಇರುತ್ತೆ. ಈ ಬೇರೆ ಫೋಟೋಗಳೆಲ್ಲ ಹಾಗೇ ಇವೆ. ಮೇಲಿನ ಸಾಲು ದಪ್ಪ, ಕೆಳಗಿಂದು ಅಲ್ಲೊಂದು ಇಲ್ಲೊಂದು ಚುಕ್ಕೆ."

"ಹೌದು. ಬ್ಲೇಡಿಗೆ ಬರೋದೇ ಅಷ್ಟು. ಧೂಳಿನಷ್ಟು. ಎಳೀತಾ ಎಳೀತಾ ಖಾಲಿಯಾಗುತ್ತೆ."

"ಬಡಗಿಯವರದ್ದು ಮಾಸಿಲ್ಲ. ಕೊನೇ ಸಾಲೂ ಮೊದಲನೇದರಷ್ಟೇ ದಟ್ಟವಾಗಿದೆ."

ಡಾಕ್ಟರು ಭೂತಗನ್ನಡಿಯನ್ನು ಕೇಳಿ ಪಡೆಯಲಿಲ್ಲ, ಕಸಿದುಕೊಂಡರು. ನೋಡಿದರು. ಮೆಲ್ಲಗೆ ಕುರ್ಚಿಯ ಮೇಲೆ ಕೂತರು.

"ಇದು ಕಣ್ಣಿಂದ ಬಂದದ್ದಲ್ಲ," ಎಂದರು. "ಆಗಲೇ ಬೆಳೆದಿದ್ದ ಮುದ್ದೆಗೆ ಅದ್ದಿ ಎಳೆದದ್ದು. ಇದು ಕಣ್ಣೇ ಅಲ್ಲ." ಫೋಟೋ ಕೆಳಗಿಟ್ಟು, "ನಾವು ಬೆಳೆದಿದೆಯೋ ಇಲ್ವೋ ಅಂತ ಮಾತ್ರ ನೋಡ್ತೀವಿ. ಚೆನ್ನಾಗಿ ಬೆಳೆದಿದೆ ಅಂತ ಖುಷಿಪಟ್ವಿ," ಎಂದರು.

ಮರುಕ್ಷಣ ಅವರು ಬಾಗಿಲಲ್ಲಿದ್ದರು. "ಬಡಗಿಯವರನ್ನ ಒಳಗೆ ಕರೀರಿ. ಆ ಅಧ್ಯಯನದ ಸೀಸೆ ಈಗಿಂದೀಗ ನಿಲ್ಲಬೇಕು. ನಾನು ಮತ್ತೆ ಕೆರೀತೀನಿ. ತಟ್ಟೇಲಿ ಬೆಳೆಯೋಕೆ ದಿನಗಳು ಬೇಕು, ಗಾಜಿಗೆ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ರೆ ಈಗಲೇ ಕಾಣುತ್ತೆ."

ಬಡಗಿ ಹೊರಗಿನ ಬೆಂಚಿನ ಮೇಲೆ, ಕಣ್ಣಿಗೆ ಹಸಿರು ಬಟ್ಟೆ ಅಡ್ಡ ಹಿಡಿದು ಕೂತಿದ್ದರು. ಪಕ್ಕದಲ್ಲಿ ಹೆಂಡತಿ. ಗರಗಸದ ಕಾರ್ಖಾನೆಯಲ್ಲಿ ಮರ ಸೀಳುವಾಗ ಒಂದು ಚಕ್ಕೆ ಹಾರಿ ತಾಗಿದ್ದು. ಮರದ ಚಕ್ಕೆ ಎಂದ ಮೇಲೆ ಬೂಷ್ಟಿನ ಅನುಮಾನ ಮೊದಲೇ ಬರಬೇಕಿತ್ತು. ಬಂದೂ ಇತ್ತು. ಆದರೆ ಮೊದಲ ದಿನದ ಗಾಜಿನಲ್ಲಿ ಏನೂ ಕಂಡಿರಲಿಲ್ಲ, ತಟ್ಟೆ ಬ್ಯಾಕ್ಟೀರಿಯಾ ಎಂದಿತ್ತು, ತಟ್ಟೆಯ ಮಾತಿಗೆ ಎಲ್ಲರೂ ತಲೆಬಾಗಿದ್ದರು.

"ಬನ್ನಿ ಅಣ್ಣಾ, ಇನ್ನೊಂದು ಸಲ ಕೆರೀಬೇಕಂತೆ," ಎಂದೆ.

"ಇನ್ನೊಂದ್ ಸಲಾನಾ ತಂಗ್ಯಮ್ಮ? ಜೀವಮಾನ ಪೂರ್ತಿ ನಾನು ಮರ ಕೆತ್ತಿದೆ. ಈಗ ನೀವು ನನ್ನ ಕೆತ್ತಿ ಸೇಡು ತೀರಿಸ್ಕೊಳ್ತಾ ಇದ್ದೀರಿ."

"ಬಾಯಿ ಮುಚ್ಕೊಂಡು ಕಣ್ಣು ಬಿಡಿ," ಎಂದಳು ಹೆಂಡತಿ, ಅವರ ತೋಳು ಹಿಡಿದು ಎಬ್ಬಿಸುತ್ತಾ. "ಎಲ್ಲಿ ಹೋದ್ರೂ ಉಲ್ಟಾ ಮಾಡ್ತಾರಕ್ಕ ಇವರು."

ಕೋಣೆಯ ದೀಪ ಆರಿಸಿ, ಗಲ್ಲವನ್ನು ಯಂತ್ರದ ಪಟ್ಟಿಯ ಮೇಲೆ ಇಡಿಸಿದರು. ನೀಲಿ ಬೆಳಕಿನ ಸೀಳು ಕಣ್ಣಿನ ಮೇಲೆ ಬಿತ್ತು. ನಾನು ಪಕ್ಕದ ಪರದೆಯಲ್ಲಿ ನೋಡಿದೆ. ಗಾಜಿನಂತಿರಬೇಕಾದ ಕಡೆ ಬಿಳಿ ಮಚ್ಚೆ. ಅದರ ಅಂಚು ದುಂಡಗೆ ಕತ್ತರಿಸಿದಂತಿರಲಿಲ್ಲ. ಹಕ್ಕಿಯ ಪುಕ್ಕದ ಹಾಗೆ ಸೀಳು ಸೀಳಾಗಿ ಒಳಕ್ಕೆ ಹರಿದಿತ್ತು. ಪಕ್ಕದಲ್ಲಿ ಮರಿ ಹಾಕಿದಂತೆ ಇನ್ನೊಂದು ಪುಟ್ಟ ಚುಕ್ಕೆ.

ಮರಗಟ್ಟಿಸುವ ಹನಿ ಬಿಟ್ಟು ಡಾಕ್ಟರು ಬ್ಲೇಡು ತೆಗೆದುಕೊಂಡರು. ಹೆಂಡತಿ ಹಿಂದಿನಿಂದ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬಯ್ಯುತ್ತಿದ್ದವಳ ಬೆರಳುಗಳು ಅವರ ಕೂದಲಲ್ಲಿ ಮೆಲ್ಲಗೆ ಆಡುತ್ತಿದ್ದವು.

"ಉಸಿರಾಡಿ," ಎಂದರು ಡಾಕ್ಟರು. "ರೆಪ್ಪೆ ಬಡೀಬೇಡಿ ಅಂದ್ರೆ ಉಸಿರೂ ನಿಲ್ಲಿಸ್ತೀರಲ್ಲ."

"ನೀವು ನಿಲ್ಲಿಸಿದ್ರಿ ಅಂತ ನಾನೂ ನಿಲ್ಲಿಸಿದೆ ಡಾಕ್ಟ್ರಮ್ಮ."

ಕೆರೆದದ್ದನ್ನು ಗಾಜಿನ ಪಟ್ಟಿಗೆ ಸವರಿದರು. ಲ್ಯಾಬಿನ ಹಿರಿಯ ಟೆಕ್ನಿಶಿಯನ್, ನಾವೆಲ್ಲ ಲ್ಯಾಬಿನಕ್ಕ ಎನ್ನುವವರು, ಬಾಗಿಲ ಬಳಿಯೇ ಕಾದಿದ್ದು ಅದನ್ನು ಎತ್ತಿಕೊಂಡು ಹೋದರು.

ಹೆಂಡತಿ ಚೀಲದಿಂದ ಅಧ್ಯಯನದ ಸೀಸೆ ತೆಗೆದು ನನ್ನ ಕೈಗೆ ಕೊಟ್ಟಳು. "ಇದರಲ್ಲಿ ಯಾವುದಿತ್ತಕ್ಕಾ? ಒಳ್ಳೇದೋ, ಬರೀ ನೀರೋ?"

"ನಮಗೂ ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಾಗಬಾರದು ಅಂತಲೇ ಹೀಗೆ ಮಾಡಿರೋದು. ಯಾವ ಸೀಸೇಲಿ ಏನಿದೆ ಅಂತ ಬರೆದ ಲಕೋಟೆ ಒಡೆದು ನೋಡೋ ಅಧಿಕಾರ ದೊಡ್ಡ ಡಾಕ್ಟ್ರಿಗೆ ಮಾತ್ರ. ಅವರು ಸಮ್ಮೇಳನಕ್ಕೆ ಹೋಗಿದ್ದಾರೆ. ಫೋನ್ ಸಿಗ್ತಿಲ್ಲ."

ಬಡಗಿ ಹಸಿರು ಬಟ್ಟೆಯ ಹಿಂದಿನಿಂದ ನಕ್ಕರು. "ಕುರುಡನ ಕೈ ಕುರುಡ ಹಿಡಿದ ಹಾಗಾಯ್ತು ಬಿಡಿ."

ಹೆಂಡತಿ ನಗಲಿಲ್ಲ. ಒಪ್ಪಿಗೆಯ ದಿನ ನಾನೇ ಅವಳಿಗೆ ಎಲ್ಲವನ್ನೂ ವಿವರಿಸಿ ಹೇಳಿದ್ದೆ. "ನೀವು ಹೇಳ್ತೀರಂದ್ರೆ ಸರಿಯಕ್ಕಾ," ಎಂದಿದ್ದಳು ಆಗ. ಆ ಮಾತನ್ನು ಈಗ ಅವಳು ನೆನಪಿಸಲಿಲ್ಲ. ನೆನಪಿಸಿದ್ದರೆ ವಾಸಿಯಿತ್ತು.

ನನ್ನ ಕೋಣೆಯಲ್ಲಿ ಅತ್ತೆ ಮತ್ತು ನಾನು ಕಾದು ಕೂತೆವು. ಡಾಕ್ಟರದ್ದೂ ಸೇರಿ ಮೂರು ಚಹಾ ಬಂದಿತ್ತು, ಒಂದೂ ಖಾಲಿಯಾಗಲಿಲ್ಲ. ಅತ್ತೆ ಭೂತಗನ್ನಡಿಯನ್ನು ಬಿಡುವಂತೆ ಕಾಣಲಿಲ್ಲ.

"ಇಲ್ಲಿ ನೋಡೇ ಪುಟ್ಟಿ. ಪ್ರತಿ ಅರ್ಧಚಂದ್ರದ ಕೊನೇಲಿ ಒಂದು ಪುಟ್ಟ ಕೊಕ್ಕೆ ಇದೆ. ಬೇರೆ ಯಾವ ಫೋಟೋದಲ್ಲೂ ಇಲ್ಲ. ಇದೇನು?"

ನಾನು ನೋಡಿದೆ. ನೋಡಿದೊಡನೆ ಗುರುತು ಸಿಕ್ಕಿತು. 

"ಅತ್ತೆ, ಬ್ಲೇಡಲ್ಲಿ ಎಳೆದ್ರೆ ಕೊಕ್ಕೆ ಬರಲ್ಲ. ತಂತಿಯ ಉಂಗುರದಲ್ಲಿ ಎಳೀಬೇಕು. ಡಾಕ್ಟ್ರುಗಳು ತಂತಿ ಮುಟ್ಟಲ್ಲ, ಅದು ಲ್ಯಾಬಿಂದು. ಕೈ ಎತ್ತುವಾಗ ತಂತಿ ತುದೀನ ಒಂಚೂರು ತಿರುಗಿಸ್ಬೇಕು, ಆಗ ಮುಂದಿನ ಸಾಲಿಗೆ ಅಂಟಲ್ಲ ಅಂತ ಹೇಳಿಕೊಟ್ಟದ್ದು..."

"ಯಾರು?"

"ಲ್ಯಾಬಿನಕ್ಕ."

"ಯಾರಿಗೆ ಹೇಳಿಕೊಟ್ಟದ್ದು?"

"ನನಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ನಿಜವಾಗಿಯೂ ನನ್ನ ಕೈಯನ್ನೇ ನೋಡಿಕೊಂಡೆ. ಅವಧಿ ಮೀರಿದ ತಟ್ಟೆಗಳ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ, ಲ್ಯಾಬಿನಕ್ಕ ನನ್ನ ಕೈ ಹಿಡಿದು ತಿದ್ದಿಸಿದ್ದರು. ಸಂಜೆ ಕಾಲೇಜಿಗೆ ಅರ್ಜಿ ಹಾಕಿಸಿದ್ದೂ ಅವರೇ. "ಕಲಿಯೋ ಹುಡುಗಿಗೆ ಕಲಿಸದೇ ಇದ್ರೆ ನನ್ನ ಕೈ ಕಡಿಯುತ್ತೆ," ಎನ್ನುತ್ತಿದ್ದರು.

"ಹೇಳಿದ್ದು ಒಳ್ಳೇದಾಯ್ತು," ಎಂದರು ಅತ್ತೆ. ಧ್ವನಿಯಲ್ಲಿ ಅತ್ತೆ ಇರಲಿಲ್ಲ, ಇಲಾಖೆ ಇತ್ತು. "ಈಗ ಸಾಲಲ್ಲಿ ಇಬ್ಬರೇ ಉಳಿದ್ರಿ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಎಡಗೈ ಡಾಕ್ಟರು, ಅವರ ಹಿಂದೆ ಲ್ಯಾಬಿನಕ್ಕ. ನೆರೆತ ಕೂದಲನ್ನು ಕ್ಲಿಪ್ಪಿನಲ್ಲಿ ಎತ್ತಿ ಕಟ್ಟಿದ್ದರು. ಕಣ್ಣಿನ ಸುತ್ತ ಮೈಕ್ರೋಸ್ಕೋಪಿನ ಗುರುತು ಇನ್ನೂ ಉಂಗುರದಂತೆ ಒತ್ತಿಕೊಂಡಿತ್ತು.

"ಫಂಗಸ್," ಎಂದರು ಅಕ್ಕ. "ಕವಲು ಕವಲಾಗಿ, ಗೋಡೆ ಬಿರುಕಲ್ಲಿ ಬೇರು ಹೋದ ಹಾಗೆ. ಅನುಮಾನವೇ ಇಲ್ಲ. ಆ ಹನಿ ನಿಲ್ಲಿಸಿದ್ರಾ? ಮೊದಲು ಅದು ಹೇಳಿ."

"ನಿಲ್ಲಿಸಿದೀವಿ. ಫಂಗಸ್ ಔಷಧಿ ಶುರು ಮಾಡಿದ್ದಾಯ್ತು. ಗಂಟೆಗೊಂದು ಹನಿ," ಎಂದರು ಡಾಕ್ಟರು.

ಅಕ್ಕ ಉಸಿರು ಬಿಟ್ಟರು.  ಸುಳ್ಳು ತಟ್ಟೆ ಮಾಡಿದವರೇ ನಿಜವನ್ನು ಓಡಿ ಬಂದು ಹೇಳುತ್ತಾರೆಯೇ?

ಅತ್ತೆ ಫೋಟೋವನ್ನು ಅವರ ಮುಂದೆ ಸರಿಸಿದರು. "ಇದು ಯಾರ ಕೈ?"

ಅಕ್ಕ ಕೊರಳಿನ ಕನ್ನಡಕ ಏರಿಸಿಕೊಂಡು ನೋಡಿದರು. ತುಂಬ ಹೊತ್ತು. "ನನ್ನದು," ಎಂದರು.

ಅಕ್ಕ ಫೋಟೋವನ್ನು ಬೆಳಕಿಗೆ ಹಿಡಿದರು.

"ನನ್ನದೇ. ಆದ್ರೆ ಇದು ಬಡಗಿಯವರದ್ದಲ್ಲ. ಪಾಠದ ತಟ್ಟೆ. ಆವತ್ತು ಬೆಳಗ್ಗೆ ಹೊಸ ಡಾಕ್ಟ್ರುಗಳಿಗೆ ಅರ್ಧಚಂದ್ರ ಎಳೆಯೋದು ತೋರಿಸಿದೆ. ಬೆಳೆದ ಮೇಲೆ ಚೆನ್ನಾಗಿ ಕಾಣಲಿ ಅಂತ ಪ್ರತಿ ಸಾಲಿಗೂ ಹೊಸದಾಗಿ ಅದ್ದಿ ಎಳೆದೆ. ಕೆರೆಯೋ ಕೋಣೆ ಮೇಜಿನ ಮೇಲೆ ಇಟ್ಟು ಹೊರಟೆ. ಮಗಳ ಬಾಣಂತನ, ಬಸ್ಸಿಗೆ ಹೊತ್ತಾಗಿತ್ತು. ವಾರ ಬಿಟ್ಟು ಬಂದೆ. ಅದಕ್ಕೆ ಚೀಟಿ ಹಾಕಿರಲಿಲ್ಲ. ಪಾಠದ ತಟ್ಟೆಗೆ ನಂಬರೆಲ್ಲಿಂದ ಬರುತ್ತೆ?"

"ಬಂದಿದೆ," ಎಂದರು ಅತ್ತೆ. "ಬಡಗಿಯವರ ನಂಬರೇ ಬಂದಿದೆ. ಪುಟ್ಟಿ, ಚೀಟಿ ಎಲ್ಲಿಂದ ಬರುತ್ತೆ?"

ಮೂವರೂ ನನ್ನತ್ತ ತಿರುಗಿದರು. ನನ್ನ ಡ್ರಾಯರಿನಿಂದ ಬರುತ್ತದೆ. ಬೀಗದ ಕೈ ನನ್ನ ಬಳಿ ಇರುತ್ತದೆ. ಡ್ರಾಯರ್ ತೆಗೆದು ತೋರಿಸಿದೆ. ಒಬ್ಬ ರೋಗಿಗೆ ತಟ್ಟೆಗೊಂದು ಚೀಟಿ, ಹರಿದರೆ ಇರಲಿ ಎಂದು ಹೆಚ್ಚುವರಿ ಒಂದು. ಬಡಗಿಯ ಹೆಚ್ಚುವರಿ ಚೀಟಿ ಇದ್ದಲ್ಲೇ ಇತ್ತು.

"ಹಾಗಾದ್ರೆ ಪಾಠದ ತಟ್ಟೆಗೆ ಹೋದದ್ದು ಬಡಗಿಯವರ ಸ್ವಂತ ಚೀಟಿ," ಎಂದರು ಅತ್ತೆ. "ಅವರ ಸ್ವಂತ ತಟ್ಟೆಗೆ ಏನು ಅಂಟಿತು?"

 ಅತ್ತೆ ಕಪ್ಪುಗಳನ್ನು ಇಳಿಸಿ, ಚಹಾದ ಮೂರು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರು.

"ಆವತ್ತು ಬೆಳಗ್ಗೆ ಎಷ್ಟು ಜನರ ಕಣ್ಣು ಕೆರೆದ್ರಿ?"

"ಇಬ್ಬರದ್ದು," ಎಂದೆ. "ಮೊದಲು ಬಡಗಿಯವರು. ಆಮೇಲೆ ಒಬ್ಬರು ಶಾಲೆ ಟೀಚರ್, ಕಾಂಟಾಕ್ಟ್ ಲೆನ್ಸ್ ಹಾಕ್ಕೊಂಡೇ ಮಲಗಿದ್ದವರು."

"ಚೀಟಿ ಮೊದಲು ಅಂಟಿಸಿ ಆಮೇಲೆ ಕೆರೆಯೋದೋ, ಕೆರೆದು ಆಮೇಲೆ ಅಂಟಿಸೋದೋ?"

"ಚೀಟಿ ಮೊದಲು," ಎಂದರು ಡಾಕ್ಟರು. "ಅದೇ ನಿಯಮ. ಆಗಷ್ಟೇ ಎಳೆದ ತಟ್ಟೆಗಳು ನೋಡೋಕೆ ಎಲ್ಲಾ ಒಂದೇ ಥರ. ಬೆಳೆಯೋವರೆಗೂ ಯಾವುದು ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ."

"ಆವತ್ತು ಯಾರೋ ಆಮೇಲೆ ಅಂಟಿಸಿದ್ದಾರೆ." ಅತ್ತೆ ಮೇಲಿನ ಚಹಾ ತಟ್ಟೆಯನ್ನು ಮುಟ್ಟಿದರು. "ಇದು ಪಾಠದ್ದು. ಮೊದಲೇ ಇಟ್ಟದ್ದು, ಅಡಿಯಲ್ಲಿತ್ತು; ಚೀಟಿ ಅಂಟಿಸೋಕೆ ಪೇರಿಸಿದ್ದನ್ನ ಬೋರಲು ಮಾಡಿದಾಗ ಮೇಲೆ ಬಂದು ಕೂತಿದೆ, ಅಂಟಿಸೋರಿಗೆ ಗೊತ್ತಿಲ್ಲ. ಮೊದಲ ಚೀಟಿ ಬಡಗಿಯವರದ್ದು, ಇದಕ್ಕೆ." ಎರಡನೆಯದನ್ನು ಮುಟ್ಟಿದರು. "ಎರಡನೇ ಚೀಟಿ ಟೀಚರದ್ದು, ಬಡಗಿಯವರ ತಟ್ಟೆಗೆ." ಮೂರನೆಯದರ ಮೇಲೆ ಬೆರಳು ನಿಂತಿತು. "ಇದು ನಿಜವಾಗ್ಲೂ ಟೀಚರದ್ದು. ಇದಕ್ಕೆ ಚೀಟಿ ಇಲ್ಲ."

ಲ್ಯಾಬಿನಕ್ಕ ಕುರ್ಚಿ ಹುಡುಕಿಕೊಂಡು ಕೂತರು. "ರಜೆ ಮುಗಿಸಿ ಬಂದಾಗ ನಂಬರಿಲ್ಲದ ಒಂದು ತಟ್ಟೆ ಇತ್ತು. ನನ್ನ ಪಾಠದ್ದೇ ಅಂದ್ಕೊಂಡೆ. ಒಳಗೇನಿದೆ ಅಂತ ನೋಡಲೂ ಇಲ್ಲ. ಎಸೆದೆ."

"ಟೀಚರ ನಂಬರಿನ ತಟ್ಟೇಲಿ ಏನು ಬೆಳೆದಿತ್ತು?" ಎಂದು ಅತ್ತೆ ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತೇನೋ.

"ಫಂಗಸ್," ಎಂದರು ಎಡಗೈ ಡಾಕ್ಟರು. "ಅದಕ್ಕೇ ಅವರನ್ನ ಅಧ್ಯಯನಕ್ಕೆ ತಗೊಳ್ಳಲಿಲ್ಲ. ಬ್ಯಾಕ್ಟೀರಿಯಾ ಔಷಧಿ ನಿಲ್ಲಿಸಿ, ಬರೀ ಫಂಗಸ್ ಹನಿ ಕೊಟ್ಟು ಮನೆಗೆ ಕಳಿ‌ಸಿದ್ವಿ." ಅವರ ಮುಖ ಬಿಳಿಚಿತ್ತು. "ಅವರ ಕಣ್ಣಲ್ಲಿ ನಿಜವಾಗಿ ಇದ್ದದ್ದು ಏನು ಅಂತ ನಮಗೆ ಗೊತ್ತೇ ಇಲ್ಲ. ಲೆನ್ಸ್ ಹಾಕೋರಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾನೇ. ಅದಕ್ಕೆ ಔಷಧಿ ಇಲ್ಲದೆ... ಫೋನ್ ಮಾಡಿ."

ಬೆಳಗ್ಗೆಯೇ ಮಾಡಿದ್ದೆ. ತಪಾಸಣೆಗೆ ಬರಬೇಕಾದವರು ಬಂದಿರಲಿಲ್ಲ, ಉತ್ತರವಿರಲಿಲ್ಲ. ಈಗ ಮತ್ತೆ ಮಾಡಿದೆ. ಹೊಡೆದುಕೊಳ್ಳುತ್ತಲೇ ಇತ್ತು. ಡಾಕ್ಟರು ನನ್ನ ಕೈಯಿಂದ ವಿಳಾಸ ತೆಗೆದುಕೊಂಡು, ಆಸ್ಪತ್ರೆಯ ಜೀಪು ಕೇಳಲು ಓಡಿದರು.

ಅತ್ತೆ ಚಹಾ ತಟ್ಟೆಗಳನ್ನು ಮತ್ತೆ ಬಿಡಿಸಿಟ್ಟರು.

"ಇಲ್ಲೀವರೆಗೆ ಇದು ಬರೀ ತಪ್ಪು. ಯಾರಿಂದಲೂ ಆಗಬಹುದಾದ ತಪ್ಪು. ಆದ್ರೆ ಬಡಗಿಯವರ ನಂಬರಿನ ತಟ್ಟೆ ಕಳೆದದ್ದು ನಿನ್ನೆ. ನಾನು ಅದನ್ನ ನೋಡ್ಬೇಕು ಅಂದ ಮೇಲೆ. ತಪ್ಪಿಗೆ ಕಾಲು ಬರಲ್ಲ ಪುಟ್ಟಿ. ಯಾರಿಗೋ ತಪ್ಪು ಗೊತ್ತಾಗಿದೆ. ಗೊತ್ತಾಗಿಯೂ ಬಡಗಿಯವರ ಹನಿ ನಿಲ್ಲಿಸಿ ಅಂತ ಹೇಳದೆ ತಟ್ಟೆ ಬಚ್ಚಿಟ್ಟಿದ್ದಾರೆ. ನನಗೆ ಅವರು ಬೇಕು." ಆಮೇಲೆ ತುಸು ಮೆತ್ತಗೆ, "ಆವತ್ತು ಆ ಎರಡು ಚೀಟಿ ಯಾರ ಕೈಗೆ ಕೊಟ್ಟೆ?" ಎಂದರು.

ನೆನಪಿದೆ. ಕೆರೆಯುವ ಕೋಣೆಯ ಅರೆತೆರೆದ ಬಾಗಿಲು. ಒಳಗೆ ಕತ್ತಲು, ನೀಲಿ ಬೆಳಕು. ನಿಯಮದಂತೆ ನಾನೇ ಒಳಗೆ ಹೋಗಿ ಒಂದೊಂದಾಗಿ ಕೊಡಬೇಕು. ಅಷ್ಟರಲ್ಲಿ ನನ್ನ ಮೇಜಿನ ಫೋನು ಕೂಗಿತು. ಬಾಗಿಲ ಸಂದಿಯಿಂದ ನೀಲಿ ಕೈಗವಸಿನ ಒಂದು ಕೈ ಚಾಚಿತು. "ಕೊಡಿ ಇಲ್ಲಿ, ಎರಡೂ ಕೊಟ್ಬಿಡಿ," ಎಂದರು. ಕೊಟ್ಟೆ. ಮಾಸ್ಕಿನ ಹಿಂದಿನ ಪಿಸುದನಿ. ಆ ಕೈಗವಸನ್ನು ಇಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಹಾಕುತ್ತಾರೆ.

"ಆ ಕೈ," ಎಂದರು ಅತ್ತೆ, "ಎಡಗೈಯೋ, ಬಲಗೈಯೋ?"

ನಾನು ಕಣ್ಣು ಮುಚ್ಚಿದೆ. ಬಾಗಿಲು ಕಂಡಿತು. ನೀಲಿ ಬೆರಳುಗಳು ಕಂಡವು. ಹೆಬ್ಬೆರಳು ಯಾವ ಕಡೆಗಿತ್ತು ಎಂದು ನೋಡಲು ಹೋದರೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಬೋರಲು ಮಾಡಿದ ತಟ್ಟೆಯ ಹಾಗೆ. ಕಾಣಬೇಕು ಎಂದುಕೊಂಡದ್ದೇ ಕಾಣುತ್ತಿತ್ತು. ಅದನ್ನು ನೆನಪು ಎನ್ನಲು ನನಗೆ ಧೈರ್ಯ ಬರಲಿಲ್ಲ.

ಹೊರಗೆ ಬೆಂಚಿನ ಮೇಲೆ ಬಡಗಿಯ ಹೆಂಡತಿ ಹೊಸ ಸೀಸೆ ಹಿಡಿದು ಗೋಡೆ ಗಡಿಯಾರ ನೋಡುತ್ತಿದ್ದಳು. ಆ ಕಣ್ಣಿನ ಹಳೆಯ ಸೀಸೆಯಲ್ಲಿದ್ದದ್ದು ಸ್ಟೀರಾಯ್ಡೋ ಉಪ್ಪುನೀರೋ, ಕಣ್ಣು ಉಳಿಯುತ್ತದೆಯೋ, ಟೀಚರ್ ಯಾಕೆ ಫೋನ್ ಎತ್ತುತ್ತಿಲ್ಲ, ಆ ಕೈ ಯಾರದ್ದು.

ನನಗೆ ಗೊತ್ತಿಲ್ಲ. ಅತ್ತೆಗೂ ಹಾಗೆಯೇ ಹೇಳಿದೆ.